ಕೆರೆಗೂ ಕಾಡಿಗೂ ಒಂದೇ ಅಳತೆಗೋಲು ಬೇಡ

ಮಾನ್ಯರೇ,

ಜನವರಿಯ ನೀರುಹಕ್ಕಿ ಗಣತಿ ಮುಗಿಯುತ್ತಿದ್ದಂತೆ ‘ಕೆರೆಯಲ್ಲಿ ಸಾವಿರಾರು, ಕಾಡಿನಲ್ಲಿ ಬರೀ ನೂರಾರು’ ಎಂಬ ಮಾತು ಕೇಳಿಬರುತ್ತದೆ. ಈ ಹೋಲಿಕೆಯಿಂದ ಕಾಡಿಗೂ ಅನ್ಯಾಯ, ಕೆರೆಗೂ ಅನ್ಯಾಯ.

ಗದಗ ಜಿಲ್ಲೆಯ ಮಾಗಡಿ ಕೆರೆಯ ದಡದಲ್ಲಿ ಸ್ಕೋಪ್ (ದೂರದರ್ಶಕ) ಇಟ್ಟರೆ ಪಟ್ಟೆತಲೆ ಹೆಬ್ಬಾತುಗಳ ಹಿಂಡು ಬಯಲಲ್ಲೇ ಕಾಣುತ್ತದೆ. ದಾಂಡೇಲಿಯ ಕಾಡಿನಲ್ಲಿ ಕುಟುರ, ಮರಕುಟಿಕ, ಪಿಕಳಾರಗಳ ಇರವು ಹೆಚ್ಚಾಗಿ ಕಿವಿಗೇ ತಿಳಿಯುವುದು. ಮರಿ ಮಾಡುವ ಕಾಲದಲ್ಲಿ, ಅಂದರೆ ಫೆಬ್ರುವರಿಯಿಂದ ಮೇವರೆಗೆ, ಅಲ್ಲಿ ದನಿ ಹೆಚ್ಚು. ಜನವರಿಯಲ್ಲಿ ಹಲವು ಹಕ್ಕಿಗಳು ಮೌನ. ಕೆರೆ ಹಕ್ಕಿಗಳಿಂದ ತುಂಬಿ ತುಳುಕುವ ತಿಂಗಳಿನಲ್ಲಿ ಮೌನದ ಕಾಡನ್ನು ಎಣಿಸಿ ‘ಬಡ ಕಾಡು’ ಎಂದರೆ ಹೇಗೆ?

ಕಾಡಿನಲ್ಲಿ ಕನಿಷ್ಠ 200 ಮೀಟರ್ ಅಂತರದಲ್ಲಿ ನಿಂತು ಎಣಿಸುವ ಬಿಂದುಗಳನ್ನು ಗುರುತಿಸಿ, ಸೂರ್ಯೋದಯದ ನಂತರದ ಮೂರು ಗಂಟೆಯೊಳಗೆ ಒಂದೊಂದರಲ್ಲೂ 10 ನಿಮಿಷ ನಿಲ್ಲಬೇಕು. 50 ಮೀಟರ್ ಒಳಗಿನವನ್ನೂ ಹೊರಗಿನವನ್ನೂ ಬೇರೆ ಬೇರೆ ಬರೆಯಬೇಕು. ಅಂತರ ಕಡಿಮೆಯಾದರೆ ಒಂದೇ ಕುಟುರದ ಕೂಗು ಎರಡು ಬಿಂದುಗಳ ಲೆಕ್ಕಕ್ಕೆ ಸೇರುತ್ತದೆ. ಕೆರೆಯಲ್ಲಿ ಬೆಳಕನ್ನು ಬೆನ್ನಿಗೆ ಹಾಕಿಕೊಂಡು ನಿಂತು, ಮೊದಲು 50 ಹಕ್ಕಿಗಳನ್ನು ಒಂದೊಂದಾಗಿ ಎಣಿಸಿ, ಅಂಥ ಗುಂಪು ಎಷ್ಟಿವೆ ಎಂದು ನೋಡಬೇಕು. ಹಿಂಡು ಎದ್ದು ಇನ್ನೊಂದು ಮೂಲೆಯಲ್ಲಿ ಇಳಿದರೆ ಎರಡು ಬಾರಿ ಎಣಿಸುವ ಅಪಾಯವಿದೆ. ಹೆಬ್ಬಾತುಗಳು ಹೊಲಕ್ಕೆ ಮೇಯಲು ಹೋದ ಹೊತ್ತಿನಲ್ಲಿ ಎಣಿಸಿದರಂತೂ ಕೆರೆ ಖಾಲಿ.

ಒಟ್ಟು ಸಂಖ್ಯೆ ಎಷ್ಟು ದಾರಿ ತಪ್ಪಿಸಬಲ್ಲದು ಎಂಬುದಕ್ಕೆ ಒಂದು ಕಾಲ್ಪನಿಕ ಲೆಕ್ಕ: ಕೆರೆಯಲ್ಲಿ 20 ಪ್ರಭೇದಗಳ 1,000 ಹಕ್ಕಿಗಳಿವೆ; ಒಂದರದ್ದೇ 810, ಉಳಿದ 19ರದ್ದು ತಲಾ 10. ಕಾಡಿನಲ್ಲೂ 20 ಪ್ರಭೇದ, ತಲಾ 5, ಒಟ್ಟು 100. ಪ್ರಭೇದಗಳೆಷ್ಟು, ಅವುಗಳಲ್ಲಿ ಹಕ್ಕಿಗಳು ಎಷ್ಟು ಸಮನಾಗಿ ಹಂಚಿವೆ ಎಂಬುದನ್ನು ಒಟ್ಟಿಗೆ ಅಳೆಯುವ ಶಾನನ್ ಸೂಚ್ಯಂಕ ಕೆರೆಗೆ ಸುಮಾರು 1.05, ಕಾಡಿಗೆ 3.00. ಹತ್ತು ಪಟ್ಟು ಹಕ್ಕಿಗಳಿದ್ದರೂ ಕೆರೆಯ ವೈವಿಧ್ಯದ ಅಂಕ ಕಾಡಿನ ಮೂರನೇ ಒಂದರಷ್ಟು. ಆದರೆ ಇದರಿಂದ ಕೆರೆ ಕೀಳೆಂದಾಗದು. ಎರಡರಲ್ಲೂ ಕಾಣುವ ಪ್ರಭೇದಗಳೆಷ್ಟು ಎಂದು ನೋಡಿ: ಇನ್ನೊಂದು ಕಾಲ್ಪನಿಕ ಲೆಕ್ಕದಲ್ಲಿ ಕೆರೆಯಲ್ಲಿ 60 ಪ್ರಭೇದ, ಕಾಡಿನಲ್ಲಿ 70, ಸಮಾನವಾದವು 20 ಇದ್ದರೆ, ಕೆರೆಯೊಂದು ಹಾಳಾದರೆ ಆ ಸೀಮೆಯಲ್ಲಿ 40 ಪ್ರಭೇದಗಳಿಗೆ ನೆಲೆಯೇ ಇರದು.

ಇನ್ನು, ಗಣತಿಯ ದಿನ ಕೆರೆಯ ನೀರಿನ ಮಟ್ಟವನ್ನು ಬರೆಯುವವರು ವಿರಳ. ದಡದ ಕೆಸರಿನಲ್ಲಿ ಮೇಯುವ ಸಣ್ಣ ಗೊರವ ಹಕ್ಕಿಗಳಿಗೆ ಬೇಕಿರುವುದು ಕೆಲವೇ ಸೆಂಟಿಮೀಟರ್ ನೀರು, ಕೆಸರು. ಚೆನ್ನಾಗಿ ಮಳೆಯಾದ ವರ್ಷ ಅವು ಕಡಿಮೆ ಕಂಡರೆ ಕೆರೆ ಕೆಟ್ಟಿದೆ ಎಂದಲ್ಲ, ಕೆಸರು ಮುಳುಗಿದೆ ಎಂದು. ಹೂಳೆತ್ತುವ ನೆಪದಲ್ಲಿ ದಡವನ್ನು ಗೋಡೆಯಂತೆ ಕಡಿದು ಕಲ್ಲು ಕಟ್ಟಿದಲ್ಲಿ ಮಾತ್ರ ಆ ಕೆಸರು ಯಾವ ವರ್ಷವೂ ಮರಳದು. ಗಣತಿ ನಮೂನೆಯಲ್ಲಿ ನೀರಿನ ಮಟ್ಟಕ್ಕೂ ದಡದ ಇಳಿಜಾರಿಗೂ ತಲಾ ಒಂದು ಕಾಲಂ ಸೇರಿಸಲು ಸಂಘಟಕರನ್ನು ಕೋರುತ್ತೇವೆ.

— ಹಕ್ಕಿ ವೀಕ್ಷಕರು, ಧಾರವಾಡ