ಅಣ್ಣನಿಗೆ, ಮತ್ತು ನಿಮ್ಮೆಲ್ಲರಿಗೆ

ತಂಗಿಯ ಮದುವೆ ಚೆನ್ನಾಗಿ ಆಯಿತು. ಜಂಬೂರಿನ ಮನೆಯಂಗಳದಿಂದಲೇ ಅವಳನ್ನು ಕಳಿಸಿಕೊಟ್ಟೆವು. ಚಪ್ಪರ ಹಾಕಿದ ನೆರೆಯವರಿಗೆ, ಮಡಿಕೇರಿಯಿಂದ ಬಂದ ಗೆಳೆಯರಿಗೆ, ಹಣದ ಮಾತೆತ್ತದೆ ಸಾಮಾನು ಕೊಟ್ಟ ಮಾದಾಪುರದ ಅಂಗಡಿಯವರಿಗೆ ಮನೆಮಂದಿಯೆಲ್ಲರ ನಮಸ್ಕಾರ.

ಒಬ್ಬರ ವಿಷಯ ಮಾತ್ರ ಬಿಡಿಸಿ ಹೇಳಬೇಕು. ಹೆಸರು ಹಾಕಬೇಡ ಎಂದಿದ್ದಾರೆ, ಹಾಗಾಗಿ ಅಣ್ಣ ಎಂದೇ ಬರೆಯುತ್ತೇನೆ. ನಮ್ಮ ಕಡೆಯ ರಾಜಕಾರಣಿಯೊಬ್ಬರ ಆಪ್ತ ಕಾರ್ಯದರ್ಶಿ ಅವರು.

2018ರ ಆಗಸ್ಟ್‌ನಲ್ಲಿ ಕೊಡಗಿನ ಮಕ್ಕಂದೂರು ಕಡೆ ಗುಡ್ಡದ ಬರೆ ಕುಸಿದ ರಾತ್ರಿ ಅಪ್ಪ, ಅವ್ವ, ತಂಗಿ ಗುಡ್ಡದ ಮೇಲೆ, ನಾನು ಮಡಿಕೇರಿಯಲ್ಲಿ. ಅಣ್ಣ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೆಳಗಾಗುವವರೆಗೆ ಫೋನ್ ಮಾಡುತ್ತಲೇ ಇದ್ದರು: ತಹಶೀಲ್ದಾರರಿಗೆ, ಪೊಲೀಸರಿಗೆ, ಅಗ್ನಿಶಾಮಕದವರಿಗೆ, ಜೆಸಿಬಿ ಇದ್ದವರಿಗೆ. ‘ಸಾಹೇಬರ ಕಡೆಯಿಂದ’ ಎಂದರೆ ಸಾಕು, ಆ ಕಡೆಯ ದನಿಯೇ ಬದಲಾಗುತ್ತಿತ್ತು. ಒಂದು ಆದೇಶಕ್ಕೂ ಸಹಿ ಹಾಕುವ ಅಧಿಕಾರ ಅವರಿಗಿಲ್ಲ. ಆದರೆ ಯಾರ ಅರ್ಜಿ ಮೇಜಿನ ಮೇಲೆ ಮೊದಲು ಬರಬೇಕು, ಯಾರು ಒಳಗೆ ಹೋಗಬೇಕು ಎಂಬುದೆಲ್ಲ ಅವರ ಕೈಯಲ್ಲಿ. 1962ರಿಂದ 1984ರವರೆಗೆ ಇಂದಿರಾ ಗಾಂಧಿಯವರ ಆಪ್ತ ಸಹಾಯಕರಾಗಿ ಜೊತೆಗಿದ್ದ ಆರ್.ಕೆ. ಧವನ್ ಅವರನ್ನು ದಾಟದೆ ಪ್ರಧಾನಿಯನ್ನು ಕಾಣುವುದು ಕಷ್ಟವಿತ್ತು ಎಂದು ಅಪ್ಪ ಹೇಳುತ್ತಿದ್ದರು. ಇಂಥ ಕುರ್ಚಿಯ ಬಗ್ಗೆ ನನಗೆ ಭಯವೇ ಇತ್ತು.

ಆ ರಾತ್ರಿ ದೊಡ್ಡ ತೋಟದವರೊಬ್ಬರು ಫೋನ್ ಮಾಡಿ, ತಮ್ಮ ಗೇಟಿನ ಮಣ್ಣು ಮೊದಲು ತೆಗೆಸಿ ಎಂದರು. ‘ಜನ ಸಿಕ್ಕಿಕೊಂಡಿರುವಲ್ಲಿಗೆ ಮೊದಲು’ ಎಂದು ಅಣ್ಣ ಫೋನ್ ಇಟ್ಟರು. ಸಾಹೇಬರನ್ನು ಕೇಳಲೂ ಇಲ್ಲ. ಕೇಳಿದ್ದರೆ ಸಾಹೇಬರೂ ಅದನ್ನೇ ಹೇಳುತ್ತಿದ್ದರೋ ಏನೋ. ನನಗೆ ಗೊತ್ತಿರುವುದು ಅಣ್ಣ ಹೇಳಿದ್ದು.

ಮರುದಿನ ಮೂವರೂ ಬಂದರು. ಚಿಕ್ಕಪ್ಪ ಬರಲಿಲ್ಲ. ಅದನ್ನು ಅವ್ವನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಗಂಜಿ ಕೇಂದ್ರದ ನೆಲದ ಮೇಲೆ ಕೂತು, ಅವ್ವನ ಕೈ ಹಿಡಿದು ಹೇಳಿದವರೂ ಅಣ್ಣನೇ. ಅವ್ವ ಅವರ ಎದೆಗೆ ಗುದ್ದಿ ಗುದ್ದಿ ಅತ್ತರು. ಅವರು ಕದಲಲಿಲ್ಲ. ಇದನ್ನು ಬರೆಯುವಾಗ ಈಗಲೂ ಕೈ ನಡುಗುತ್ತದೆ.

2020ರ ಜೂನಿನಲ್ಲಿ, ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ಜಂಬೂರಿನ ಮನೆಗಳ ಬೀಗದ ಕೈ ಕೊಡುವವರೆಗೂ ಅವರು ನಮ್ಮನ್ನು ಬಿಡಲಿಲ್ಲ. ಪಟ್ಟಿಯಲ್ಲಿ ನಮ್ಮ ಹೆಸರನ್ನು ಮೇಲಕ್ಕೆ ಎತ್ತಿಸಲಿಲ್ಲ; ಕೊಚ್ಚಿಹೋದ ದಾಖಲೆಗಳನ್ನು ಒಂದೊಂದಾಗಿ ಮತ್ತೆ ಮಾಡಿಸಿಕೊಟ್ಟರು, ನಮಗೂ, ನಮ್ಮ ಪಕ್ಕದ ಮನೆಯವರಿಗೂ.

ಅಣ್ಣಾ, ಮುಂದಿನ ವಾರ ಅಪ್ಪ ನಿಮ್ಮಲ್ಲಿಗೆ ಬರುತ್ತಾರೆ. ಉಳಿದ ತೋಟದ ಕಾಳುಮೆಣಸು ತರುತ್ತಾರೆ. ದಯವಿಟ್ಟು ಬೇಡ ಅನ್ನಬೇಡಿ.