ರ‍್ಯಾಪ್ ಚರ್ಚೆ: ಸದಸ್ಯರ ಗಮನಕ್ಕೆ

ಸದಸ್ಯರಿಗೆ ನಮಸ್ಕಾರ. ಹಳೆಯ ರ‍್ಯಾಪ್ ಚಿನ್ನ, ಈಗಿನದು ಬರೀ ಗದ್ದಲ ಎಂಬ ವಾದ ಇಲ್ಲಿ ಪದೇಪದೇ ಬರುತ್ತಿರುವುದರಿಂದ ಒಂದು ಸಂಗತಿಯನ್ನು ನೆನಪಿಸಬಯಸುತ್ತೇನೆ. 1988ರ ಸುಮಾರಿಗೆ ಪಬ್ಲಿಕ್ ಎನಿಮಿ ಎಂಬ ಅಮೆರಿಕದ ರ‍್ಯಾಪ್ ತಂಡದವರು ಹಳೆಯ ಧ್ವನಿಮುದ್ರಿಕೆಗಳ ತುಣುಕುಗಳನ್ನು ಒಂದರ ಮೇಲೊಂದು ಪೇರಿಸಿ ಹಾಡು ಕಟ್ಟುತ್ತಿದ್ದರು. 1991ರ ಡಿಸೆಂಬರ್‌ನಲ್ಲಿ, ರ‍್ಯಾಪ್ ಗಾಯಕ ಬಿಜ್ ಮಾರ್ಕಿ ಅವರ ಪ್ರಕರಣದಲ್ಲಿ, ಅನುಮತಿಯಿಲ್ಲದೆ ತುಣುಕು ಬಳಸುವುದು ತಪ್ಪೆಂದು ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯವು ತೀರ್ಪಿತ್ತ ಮೇಲೆ, ಒಂದೊಂದು ತುಣುಕಿಗೂ ಅನುಮತಿ ಪಡೆದು ಹಣ ತೆರಬೇಕಾಗಿ ಬಂದು, ಆ ದಟ್ಟ ನಾದವೇ ದುಬಾರಿಯಾಯಿತು. ಈಗಿನ ಹಾಡುಗಳಲ್ಲಿ ಆ ನಾದ ಕಾಣದಿರುವುದನ್ನು ಕಲಾವಿದರ ಸೋಮಾರಿತನವೆಂದು ಹಳಿಯುವುದು ನನಗೆ ಸರಿಕಾಣದು. ರ‍್ಯಾಪ್ ಹಾಡುಗಳ ಸಾಹಿತ್ಯ ಸೊರಗಿತೆನ್ನುವವರು, 2018ರಲ್ಲಿ ರ‍್ಯಾಪ್ ಗಾಯಕ ಕೆಂಡ್ರಿಕ್ ಲಮಾರ್ ಅವರಿಗೆ ಅಮೆರಿಕದ ಪ್ರತಿಷ್ಠಿತ ಪುಲಿಟ್ಜರ್ ಸಂಗೀತ ಪ್ರಶಸ್ತಿ ಬಂದುದನ್ನೂ ಗಮನಿಸಬೇಕು (ಪ್ರಶಸ್ತಿಯೇ ಅಳತೆಗೋಲೆಂದು ಹೇಳುತ್ತಿಲ್ಲ). ಮುಂದೆ ಅಭಿಪ್ರಾಯ ಬರೆಯುವವರು ಹಾಡಿನ ಹೆಸರನ್ನೂ ವರ್ಷವನ್ನೂ ತಪ್ಪದೆ ನಮೂದಿಸಬೇಕೆಂದು ವಿನಂತಿ.