ಪ್ರೋಬ್ ಅಣ್ಣನಿಗೆ, ಮತ್ತೆ ಉಳಿದ ಎಲ್ಲರಿಗೂ

ನಾವು ಕಂಡುಹಿಡಿದ ಹೊಸ ಖನಿಜದ ಸಂಶೋಧನಾ ಪೇಪರ್ ಕೊನೆಗೂ ಬಂತು. ಫೋನ್ ಮಾಡಿದವರು, ಮೆಸೇಜ್ ಹಾಕಿದವರು, ಸ್ಟೇಟಸ್ ಹಾಕಿ ಊರಿಗೆಲ್ಲ ಸಾರಿದ ಚಿಕ್ಕಮ್ಮ, ಎಲ್ಲರಿಗೂ ಥ್ಯಾಂಕ್ಸ್. ನಮ್ಮ ಖನಿಜ ಎಲ್ಲಿ ಸಿಕ್ಕಿತು, ಅದರ ಸೂತ್ರ ಏನು ಅನ್ನೋದನ್ನ ಕೇಳಿ ಕೇಳಿ ನಿಮಗೆ ಸಾಕಾಗಿದೆ. ಅದನ್ನು ಇಲ್ಲಿ ಬಿಡುತ್ತೇನೆ.

ಗೈಡ್‌ಗೆ, ಲ್ಯಾಬಿನ ಗೆಳೆಯರಿಗೆ, ಕಲ್ಲನ್ನು ಬೆಳಕು ಹಾಯುವಷ್ಟು ತೆಳ್ಳಗೆ ಉಜ್ಜಿಕೊಟ್ಟವರಿಗೆ, 40 ಮೈಕ್ರಾನಿನ ಕಣವನ್ನು ಸೂಜಿಯ ತುದಿಯಲ್ಲಿ ಎತ್ತಿ ಗಾಜಿನ ಎಳೆಗೆ ಅಂಟಿಸಿ ಎಕ್ಸ್-ರೇಗೆ ಕೂರಿಸಿದ ಗೆಳತಿಗೆ ನಾನು ಋಣಿ. ಕಾಲೇಜಿನಲ್ಲಿ ಪಾಠ ಮಾಡಿದ ಮೇಷ್ಟ್ರಿಗೂ. ಕೋಲಾರದ ಚಿನ್ನದ ಗಣಿಯಿಂದ 1985ರಲ್ಲಿ ಎರಡು ಹೊಸ ಖನಿಜ ಬಂದಿದ್ದವು, ಕೋಲಾರೈಟ್ ಮತ್ತು ರಾಧಾಕೃಷ್ಣೈಟ್, ಅಂತ ಅವರು ಹೇಳಿದ ದಿನವೇ ನನಗೆ ಈ ಹುಚ್ಚು ಹತ್ತಿದ್ದು. ನಮ್ಮ ಜಿಲ್ಲೆಯ ಹೆಸರಲ್ಲೂ ಒಂದು ಖನಿಜ ಇರುತ್ತಾ ಅಂತ ಬಾಯಿ ಬಿಟ್ಕೊಂಡು ಕೂತಿದ್ದೆ.

ಈಗ ಪ್ರೋಬ್ ಅಣ್ಣ, ಅಂದರೆ ಎಲೆಕ್ಟ್ರಾನ್ ಪ್ರೋಬ್ ಯಂತ್ರ ನಡೆಸುವವರು. ಅವರ ಹೆಸರು ಹಾಕಬಾರದು ಅಂತ ಅವರದೇ ಆರ್ಡರ್.

ಎಲೆಕ್ಟ್ರಾನ್ ಪ್ರೋಬ್ ಅನ್ನೋದು ಕಣದಲ್ಲಿ ಯಾವ ಧಾತು ಶೇಕಡಾ ಎಷ್ಟಿದೆ ಅಂತ ಅಳೆಯುವ ಯಂತ್ರ. ಎಲ್ಲ ಕೂಡಿದರೆ ನೂರರ ಹತ್ತಿರ ಬರಬೇಕು. ನಮ್ಮದು 94ಕ್ಕೇ ನಿಲ್ಲುತ್ತಿತ್ತು. ಪಾಲಿಶ್ ಸರಿ ಇಲ್ಲ ಅಂದರು ಕೆಲವರು. ಮಿಕ್ಕಿದ್ದು ನೀರು, ಹಾಗಂತ ಬರೆದು ಮುಗಿಸು ಅಂದರು ಇನ್ನು ಕೆಲವರು. ನನಗೂ ಮುಗಿದರೆ ಸಾಕಾಗಿತ್ತು. ಫೆಲೋಶಿಪ್ ನಿಂತಿತ್ತು, ಯಂತ್ರದಲ್ಲಿ ನಮಗೆ ಸಿಕ್ಕಿದ್ದ ಸಮಯ ಮರುದಿನಕ್ಕೆ ಮುಗಿಯುತ್ತಿತ್ತು.

ಆ ರಾತ್ರಿಯೇ ಅಮ್ಮ ಫೋನ್ ಮಾಡಿದ್ದು. ಅಪ್ಪನನ್ನು ಮತ್ತೆ ಅಡ್ಮಿಟ್ ಮಾಡಿದ್ದೀವಿ, ನೀನು ಕೆಲಸ ಮುಗಿಸ್ಕೊಂಡೇ ಬಾ ಅಂದಳು. ಆ ದನಿ ಕೇಳಿದರೆ ಗೊತ್ತಾಗುತ್ತಿತ್ತು. ಊರಿಗೆ ಬೆಳಗಿನ ತನಕ ಬಸ್ಸಿಲ್ಲ. ನಾನು ಸ್ಟೂಲ್ ಮೇಲೆ ಕೂತು ಅತ್ತೆ.

ಅಣ್ಣ ಸಮಾಧಾನದ ಮಾತೇನೂ ಆಡಲಿಲ್ಲ. ಡ್ಯೂಟಿ ಮುಗಿದಿದ್ದರೂ ಮನೆಗೆ ಹೋಗಲಿಲ್ಲ. ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟು, "ಕೂತ್ಕೊಂಡೇ ಇರ್ತೀಯಲ್ಲಮ್ಮ, ಇದನ್ನ ನೋಡು" ಅಂತ ಸ್ಕ್ರೀನ್ ನನ್ನ ಕಡೆ ತಿರುಗಿಸಿದರು. ಕಿರಣ ತಾಗಿದಾಗ ಪ್ರತಿ ಧಾತುವೂ ತನ್ನದೇ ಶಕ್ತಿಯ ಎಕ್ಸ್-ರೇ ಹೊಮ್ಮಿಸುತ್ತೆ, ಅದೇ ಅದರ ಗೆರೆ. ಫ್ಲೋರಿನ್ನಿನ ಗೆರೆ 0.677 ಕಿಲೋ ಎಲೆಕ್ಟ್ರಾನ್ ವೋಲ್ಟಿನಲ್ಲಿ ಬರುತ್ತೆ, ಕಬ್ಬಿಣದ ಒಂದು ಗೆರೆ 0.705ರಲ್ಲಿ. ನಮ್ಮ ಖನಿಜದ ತುಂಬ ಕಬ್ಬಿಣ. ಮಾಮೂಲಿ ಡಿಟೆಕ್ಟರ್‌ಗೆ ಎರಡೂ ಸೇರಿ ಒಂದೇ ಗುಡ್ಡ, ಫ್ಲೋರಿನ್ ಇದ್ದರೂ ಕಾಣಲ್ಲ. ಯಂತ್ರದೊಳಗೆ ಎಕ್ಸ್-ರೇ ಬಿಡಿಸುವ ಹರಳು ಬದಲಿಸಿ, ಟ್ಯಾಪ್ ಅನ್ನೋ ಹರಳು ಹಾಕಿ, ನಿಧಾನಕ್ಕೆ ಸ್ಕ್ಯಾನ್ ಮಾಡಿದರೆ ಬೇರೆಯಾಗುತ್ತೆ. ಆದರೆ ಸಿಗ್ನಲ್ ತೀರಾ ಕಡಿಮೆ, ಕಾಯಬೇಕು. ಕಿರಣ ಜೋರಾದರೆ ಫ್ಲೋರಿನ್ ಜಾಗ ಬಿಟ್ಟು ಓಡುತ್ತೆ. ಹಾಗಾಗಿ ಅಣ್ಣ ಕಿರಣವನ್ನು ಅಗಲ ಮಾಡಿ, ಕರೆಂಟ್ ಇಳಿಸಿ, ಪಾಯಿಂಟ್ ಪಾಯಿಂಟಾಗಿ ಅಳೆಯುತ್ತಾ ಕೂತರು. ನನಗೂ ಏನೋ ಒಂದು ಕೆಲಸ ಇರಲಿ ಅಂತ ಪ್ರತಿ ಅಳತೆಯನ್ನೂ ಪುಸ್ತಕದಲ್ಲಿ ಬರೆಸಿದರು. ಕಂಪ್ಯೂಟರೇ ಸೇವ್ ಮಾಡುತ್ತೆ ಅಂತ ಇಬ್ಬರಿಗೂ ಗೊತ್ತಿತ್ತು.

ಬೆಳಗಾಗುತ್ತಲೇ ಸ್ಕೂಟರಿನಲ್ಲಿ ಕರೆದುಕೊಂಡು ಹೋಗಿ ಮೊದಲ ಬಸ್ಸಿಗೆ ಹತ್ತಿಸಿದರು. "ಮೆಷಿನ್ ನಾನು ನೋಡ್ಕೋತೀನಿ, ನೀನು ಅಪ್ಪನ್ನ ನೋಡ್ಕೋ." ಹೊಸಕೋಟೆ ದಾಟುವಾಗ ಫೋನಿಗೆ ಫೋಟೋ ಬಂತು. ಕಬ್ಬಿಣದ ಪಕ್ಕದಲ್ಲಿ, ಬಿಡಿಯಾಗಿ, ಚಿಕ್ಕ ಶಿಖರ. ಫ್ಲೋರಿನ್ ಸೇರಿಸಿ, ಅದರ ಜಾಗದಲ್ಲಿದೆ ಅಂತ ಲೆಕ್ಕ ಹಾಕಿದ್ದ ಆಕ್ಸಿಜನ್ ಕಳೆದ ಮೇಲೆ ಮೊತ್ತ 99 ದಾಟಿತು.

ಆ ಫೋಟೋ ಅಪ್ಪನಿಗೆ ತೋರಿಸಿದೆ. ಏನೂ ಅರ್ಥವಾಗದಿದ್ದರೂ ತಲೆ ಆಡಿಸಿದರು. ಹೊಸ ಖನಿಜಗಳಿಗೆ ಒಪ್ಪಿಗೆ ಕೊಡುವ ಅಂತರರಾಷ್ಟ್ರೀಯ ಖನಿಜಶಾಸ್ತ್ರ ಸಂಘದ ಆಯೋಗದಲ್ಲಿ ವೋಟಾಗಿ, ಮೂರರಲ್ಲಿ ಎರಡು ಪಾಲಿಗಿಂತ ಜಾಸ್ತಿ ಜನ ಹೂಂ ಅಂದ ಸುದ್ದಿ ಬರುವ ಹೊತ್ತಿಗೆ ಅವರಿರಲಿಲ್ಲ. ಇದರ ಬಗ್ಗೆ ಇನ್ನೂ ಬರೆಯಲು ಆಗಲ್ಲ.

ಖನಿಜಕ್ಕೆ ನಿನ್ನ ಹೆಸರೇ ಇಡಬಾರದಿತ್ತಾ ಅಂತ ತುಂಬ ಜನ ಕೇಳಿದ್ದೀರಿ. ಕಂಡುಹಿಡಿದವರು ತಮ್ಮ ಹೆಸರು ಇಟ್ಟುಕೊಳ್ಳುವಂತಿಲ್ಲ. ಒಳ್ಳೆ ನಿಯಮ, ಅಲ್ವಾ? ಇಲ್ಲದಿದ್ದರೆ ಪಟ್ಟಿ ತುಂಬ ಪ್ರೊಫೆಸರುಗಳೇ ಇರುತ್ತಿದ್ದರು. ಅಣ್ಣನ ಹೆಸರಿಡಬೇಕು ಅಂತ ನನಗೆ ಆಸೆ ಇತ್ತು. ಭೂವಿಜ್ಞಾನಿ ಬಿ.ಪಿ. ರಾಧಾಕೃಷ್ಣ ಅವರು ಬದುಕಿದ್ದಾಗಲೇ ಅವರ ಹೆಸರಿನ ಖನಿಜ ಬಂದಿತ್ತಲ್ಲ, ಅದನ್ನೂ ಹೇಳಿ ನೋಡಿದೆ. ಬದುಕಿರುವವರ ಹೆಸರಿಗೆ ಅವರ ಒಪ್ಪಿಗೆ ಬೇಕು. ಅಣ್ಣ ಕೊಡಲಿಲ್ಲ. "ಈಗಲೇ ಮನೇಲಿ ಕಲ್ಲು ಅಂತಾರೆ, ಇನ್ನು ಸರ್ಟಿಫಿಕೇಟ್ ಬೇರೆ ಕೊಡ್ಬೇಡ" ಅಂದರು. ಹಾಗಾಗಿ ಸಿಕ್ಕಿದ ಜಾಗದ ಹೆಸರೇ ಆಯಿತು.

ಅಳತೆ ಮಾಡಿದ ಮೂಲ ಮಾದರಿ ಈಗ ಮ್ಯೂಸಿಯಮ್ಮಿಗೆ ಸೇರಿದೆ, ಮುಂದೆ ಯಾರಾದರೂ ನಮ್ಮ ಲೆಕ್ಕವನ್ನು ಪರೀಕ್ಷೆ ಮಾಡಬಹುದು. ಪಿಡಿಎಫ್ ಬೇಕಾದವರು ಕೇಳಿ, ಕಳಿಸುತ್ತೇನೆ. ಶನಿವಾರ ಲ್ಯಾಬಿಗೆ ಮೈಸೂರು ಪಾಕ್ ತರ್ತಾ ಇದ್ದೀನಿ. ಅಣ್ಣನಿಗೆ ಶುಗರ್, ಅವರಿಗೆ ಚೌಚೌ ಬೇರೆ ಪೊಟ್ಟಣ. ಅದಕ್ಕೆ ಯಾರೂ ಕೈ ಹಾಕಬೇಡಿ.